ಪಾವು, ಆಣೆ ಹೋದ ಮೇಲೆ ಶಾಲೆಯ ಗಣಿತ

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ಬರೆಯುತ್ತಾರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದೋ, ನಡುವೆ ಚುಕ್ಕೆಯಿಟ್ಟು 2.20 ಎಂದೋ ಕಾಣಿಸುವುದು ರೂಢಿ. ಮಂಡ್ಯದ ನಾಲಾ ಬಯಲಿನ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಗೆ ಗಣಿತ ಹೇಳುತ್ತಿದ್ದಾಗ, ಮಕ್ಕಳು ತಮ್ಮ ತಮ್ಮ ಮನೆಯ ಜಮೀನಿನ ಲೆಕ್ಕವನ್ನೇ ಬರೆದುಕೊಂಡು ಬರಲಿ ಎಂದು ಒಮ್ಮೆ ಹೇಳಿದ್ದೆ. ಒಬ್ಬ ಹುಡುಗಿ ಗದ್ದೆ 2.20, ಹೊಲ 1.30 ಎಂದು ಬರೆದು, ಎರಡನ್ನೂ ಕೂಡಿಸಿ 3.50 ಎಂದು ಉತ್ತರ ತಂದಿದ್ದಳು. ಚುಕ್ಕೆಯ ಕೆಳಗೆ ಚುಕ್ಕೆ ಸರಿಯಾಗಿ ಬಂದಿತ್ತು, ಅಂಕಿಗಳನ್ನು ಕೂಡಿಸಿದ್ದರಲ್ಲಿಯೂ ಲೋಪವಿರಲಿಲ್ಲ. ಆದರೆ ಎಕರೆಗೆ ನಲವತ್ತೇ ಗುಂಟೆಯಾದ್ದರಿಂದ ಐವತ್ತು ಗುಂಟೆ ಎಂದರೆ ಒಂದು ಎಕರೆ ಹತ್ತು ಗುಂಟೆ. ಒಟ್ಟು ಆಗಬೇಕಾದ್ದು 4-10. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅವಳ ತಾತ ಕಾಗದ ಮುಟ್ಟದೆ ‘ನಾಲ್ಕೆಕ್ರೆ ಹತ್ತು ಗುಂಟೆ’ ಎಂದು ಹೇಳಿದ್ದರಂತೆ. ತಾತನ ಉತ್ತರ ಸರಿಯೋ, ಪುಸ್ತಕದ ಕ್ರಮ ಸರಿಯೋ ಎಂದು ಕೇಳಲು ಆಕೆ ನನ್ನ ಬಳಿ ಬಂದಿದ್ದಳು.

ಇಂಥ ಪ್ರಸಂಗವನ್ನು ಕೇಳಿದವರು ಸಾಮಾನ್ಯವಾಗಿ ಎರಡು ಬಗೆಯ ತೀರ್ಮಾನಕ್ಕೆ ಬರುತ್ತಾರೆ. ಹಿಂದಿನವರ ಬಾಯಿಲೆಕ್ಕದ ಮುಂದೆ ಇಂದಿನ ಓದು ಏನೂ ಅಲ್ಲ ಎಂಬುದು ಒಂದು. ಹಿಂದಿನವರದು ಬರಿಯ ಗಿಳಿಪಾಠ, ಈಗಿನ ಮಕ್ಕಳು ಅರ್ಥಮಾಡಿಕೊಂಡು ಕಲಿಯುತ್ತಾರೆ ಎಂಬುದು ಇನ್ನೊಂದು. ವರ್ಷಗಟ್ಟಲೆ ಪಾಠ ಹೇಳಿದ ಅನುಭವದಲ್ಲಿ ಈ ಎರಡೂ ನನಗೆ ಒಪ್ಪಿಗೆಯಾಗಿಲ್ಲ. ತಾತನ ಶಾಲೆಯೂ ಅರ್ಥವನ್ನು ಕಲಿಸಲಿಲ್ಲ; ಅದನ್ನು ಶಾಲೆಯ ಹೊರಗಿನ ಕಣ, ಅಂಗಡಿ, ಸಂತೆಗಳು ಕಲಿಸುತ್ತಿದ್ದವು. ಶಾಲೆಯ ಪಾಲಿಗೆ ಉಳಿದಿದ್ದು ಬಾಯಿಪಾಠ ಮಾತ್ರ, ಮತ್ತು ಆ ಕಾಲಕ್ಕೆ ಅಷ್ಟು ಸಾಕಾಗಿತ್ತು. ಮುಂದೆ ಅಳತೆಗಳು ಬದಲಾಗಿ ಹೊರಗಿನ ಆ ಆಸರೆ ಕಳಚಿಹೋದರೂ ಶಾಲೆ ಬಹುಕಾಲ ಬಾಯಿಪಾಠವನ್ನೇ ಮುಂದುವರಿಸಿತು. ಕಳೆದ ಮೂವತ್ತು ವರ್ಷಗಳಲ್ಲಿ ಗಣಿತ ಬೋಧನೆಯಲ್ಲಿ ನಡೆದ ಬದಲಾವಣೆಗಳನ್ನು, ಹೊರಗೆ ಕಳೆದುಹೋದ ಆ ಅರ್ಥವನ್ನು ತರಗತಿಯ ಒಳಗೆ ಮತ್ತೆ ಕಟ್ಟುವ ಯತ್ನವೆಂದು ನೋಡಿದರೆ ಅವುಗಳ ಉದ್ದೇಶವೂ ಮಿತಿಯೂ ಸ್ಪಷ್ಟವಾಗುತ್ತವೆ.

ಹಳೆಯದರಿಂದ ಆರಂಭಿಸುವುದಾದರೆ, ಗಣಿತವನ್ನು ವ್ಯವಹಾರಕ್ಕಾಗಿ ಕಲಿಯುವ ಪರಂಪರೆ ನಮ್ಮಲ್ಲಿ ಬಹು ದೀರ್ಘವಾದದ್ದು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಹಳ್ಳಿಯ ಹಳೆಯ ಶಾಲೆಗಳಾದ ಕೂಲಿಮಠಗಳ ಐಗಳು, ಅಂದರೆ ಮೇಷ್ಟ್ರುಗಳು, ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿದ ಬಳಿಕ ಕಲಿಸುತ್ತಿದ್ದದ್ದು ಮಗ್ಗಿಯನ್ನು. ಅದು ಇಂದಿನ ಮಗ್ಗಿಯಷ್ಟೇ ಆಗಿರಲಿಲ್ಲ. ಕಾಲು, ಅರೆ, ಮುಕ್ಕಾಲುಗಳಿಗೂ ಪ್ರತ್ಯೇಕ ಮಗ್ಗಿಗಳಿದ್ದವು. ಸಂಜೆ ಮಕ್ಕಳೆಲ್ಲ ಸಾಲಾಗಿ ನಿಂತು ಒಬ್ಬ ಹೇಳಿದ್ದನ್ನು ಉಳಿದವರು ರಾಗವಾಗಿ ಒಪ್ಪಿಸುವುದು, ತಪ್ಪಿದವನಿಗೆ ಹಗ್ಗಕ್ಕೆ ನೇತುಹಾಕುವ ಕೋದಂಡದ ಶಿಕ್ಷೆ ಕಾದಿರುವುದು ಆ ಮಠಗಳ ಚಿತ್ರ. ಆ ಕ್ರೌರ್ಯವನ್ನು ಮುಚ್ಚಿಡಬೇಕಾಗಿಲ್ಲ. ಮಠದ ಮೆಟ್ಟಿಲನ್ನೇ ಹತ್ತಲಾಗದ ಜಾತಿಗಳ ಮಕ್ಕಳು ಮತ್ತು ಹೆಣ್ಣುಮಕ್ಕಳು ಎಷ್ಟು ಜನ ಎಂಬುದನ್ನು ನೆನೆಯದೆ ಆ ಕಾಲವನ್ನು ಹೊಗಳುವುದು ನ್ಯಾಯವೂ ಅಲ್ಲ. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ನೀಡುವ ನಿಬಂಧನೆಯನ್ನು ತಂದ ಮೇಲೆ ಈ ಬಾಗಿಲು ನಿಧಾನವಾಗಿ ಇನ್ನಷ್ಟು ತೆರೆಯತೊಡಗಿತು.

ಆದರೂ ಆ ಮಗ್ಗಿಗಳಲ್ಲಿ ಒಂದು ಜಾಣ್ಮೆ ಅಡಗಿತ್ತು. ರೂಪಾಯಿಗೆ ಹದಿನಾರಾಣೆ. ಅದರ ಅರ್ಧ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಮತ್ತೆ ಅರ್ಧ ಮಾಡಿದರೆ ಎರಡಾಣೆ, ಇನ್ನೊಮ್ಮೆ ಮಾಡಿದರೆ ಒಂದಾಣೆ. ನಾಲ್ಕು ಬಾರಿ ಅರ್ಧ ಮಾಡಿದರೂ ಪೂರ್ಣ ಸಂಖ್ಯೆಯೇ ಕೈಗೆ ಬರುತ್ತದೆ. ಸೇರಿಗೆ ನಾಲ್ಕು ಪಾವು, ಎರಡು ಪಾವಿಗೆ ಒಂದು ಅಚ್ಚೇರು. ಹದಿನಾರನೆಯ ಒಂದು ಪಾಲಿಗೆ ‘ವೀಸ’ ಎಂಬ ಹೆಸರು ಕನ್ನಡದಲ್ಲಿ ಮೊದಲಿನಿಂದಲೂ ಇತ್ತು. ಇಂದಿಗೂ ನಮ್ಮ ಭೂದಾಖಲೆಗಳಲ್ಲಿ ಗುಂಟೆಯ ಹದಿನಾರನೆಯ ಪಾಲನ್ನು ಆಣೆ ಎಂದೇ ಕರೆಯುತ್ತಾರೆ. ರಾಶಿಯನ್ನು ಎರಡು ಪಾಲು ಮಾಡುವುದು, ಪಾಲನ್ನು ಮತ್ತೆ ಎರಡು ಮಾಡುವುದು ಮನುಷ್ಯನ ಕೈಗೆ ಅತ್ಯಂತ ಸಹಜವಾದ ಭಾಗಾಕಾರವಾದ್ದರಿಂದ, ಆ ಕೈಚಲನೆಗೆ ಹೊಂದುವ ಅಳತೆಗಳೇ ಬಳಕೆಯಲ್ಲಿ ಉಳಿದುಕೊಂಡಿದ್ದವು. ಹೀಗಾಗಿ ಮಗು ಶಾಲೆಗೆ ಬರುವ ವೇಳೆಗಾಗಲೇ ಮುಕ್ಕಾಲು ಸೇರು ಎಂದರೆ ಮೂರು ಪಾವು ಎಂಬುದನ್ನು ತಾಯಿ ಅಕ್ಕಿ ಅಳೆಯುವಾಗ ಕಣ್ಣಾರೆ ಕಂಡಿರುತ್ತಿತ್ತು. ಶಾಲೆಯ ಮಗ್ಗಿ ಆ ತಿಳಿವಳಿಕೆಗೆ ವೇಗವನ್ನು ಕೊಡುತ್ತಿತ್ತು. ರೂಪಾಯಿ, ಆಣೆ, ಪೈಗಳನ್ನು ಮೂರು ಕಂಬಸಾಲುಗಳಲ್ಲಿ ಬರೆದು, ಹನ್ನೆರಡು ಪೈ ತುಂಬಿದಾಗ ಒಂದಾಣೆಯನ್ನೂ ಹದಿನಾರಾಣೆ ತುಂಬಿದಾಗ ಒಂದು ರೂಪಾಯಿಯನ್ನೂ ಎಡಕ್ಕೆ ಸಾಗಿಸುವ ಸಂಕಲನವನ್ನು ಪ್ರಾಥಮಿಕ ತರಗತಿಯಲ್ಲೇ ತಿದ್ದಿದವರಿಗೆ, ನಲವತ್ತು ಗುಂಟೆ ತುಂಬಿದಾಗ ಒಂದು ಎಕರೆಯನ್ನು ಸಾಗಿಸುವುದು ಹೊಸ ವಿಷಯವೇ ಅಲ್ಲ. ಆ ಹುಡುಗಿಯ ತಾತನ ಚುರುಕಿನ ಮೂಲ ಇದು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ರೂಪಾಯಿಗೆ ನೂರು ನಯಾಪೈಸೆ. ತೂಕ ಮತ್ತು ಅಳತೆಗಳ ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಂದಿತು. ಒಂದಾಣೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ ಕಾರಣ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಪರಿವರ್ತನೆಯ ಪಟ್ಟಿಯನ್ನು ಜನ ಕೆಲವು ವರ್ಷ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಯಿತು. ಈ ಬದಲಾವಣೆಯಿಂದ ಶಾಲೆಗಾದ ಲಾಭ ದೊಡ್ಡದು. ಹನ್ನೆರಡಕ್ಕೊಂದು, ಹದಿನಾರಕ್ಕೊಂದು, ನಲವತ್ತಕ್ಕೊಂದು ಎಂದು ಬೇರೆ ಬೇರೆ ಸಂಕಲನಗಳನ್ನು ಕಲಿಸುವ ಬದಲು, ಬಿಡಿ, ಹತ್ತು, ನೂರುಗಳ ಒಂದೇ ಕ್ರಮವನ್ನು ಕಲಿಸಿದರೆ ಹಣಕ್ಕೂ ಉದ್ದಕ್ಕೂ ತೂಕಕ್ಕೂ ಅದೇ ಸಾಕಾಯಿತು. ಹಳೆಯ ಅಂಕಗಣಿತದ ಪುಸ್ತಕಗಳಲ್ಲಿ ಪುಟಗಟ್ಟಲೆ ತುಂಬಿದ್ದ ಕೋಷ್ಟಕಗಳು ಮಾಯವಾದವು.

ನಷ್ಟವನ್ನು ಮಾತ್ರ ಆಗ ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ನೂರನ್ನು ಅರ್ಧ ಮಾಡಿದರೆ ಐವತ್ತು, ಮತ್ತೆ ಮಾಡಿದರೆ ಇಪ್ಪತ್ತೈದು, ಮೂರನೆಯ ಸಲ ಹನ್ನೆರಡೂವರೆ. ಅಲ್ಲಿಗೆ ಪೂರ್ಣ ಸಂಖ್ಯೆ ಮುಗಿಯುತ್ತದೆ. ಅಂಗಡಿಯಲ್ಲಿ 750 ಗ್ರಾಂ ಎಂದು ಓದುವ ಮಗುವಿಗೆ ಅದು ಏಳು ನೂರ ಐವತ್ತು ಎಂಬ ಒಂದು ದೊಡ್ಡ ಸಂಖ್ಯೆಯೇ ಹೊರತು ಮುಕ್ಕಾಲು ಎಂಬ ಪಾಲಾಗಿ ತೋರುವುದಿಲ್ಲ. ಭಿನ್ನರಾಶಿ ಹೀಗೆ ಬದುಕಿನಿಂದ ಜಾರಿ ಪುಸ್ತಕದೊಳಗೆ ಸೇರಿಕೊಂಡಿತು. ಅಲ್ಲಿ ಅದಕ್ಕೆ ಸಿಕ್ಕಿದ್ದು ನಿಯಮಗಳು: ಛೇದಗಳನ್ನು ಸಮ ಮಾಡು, ಲ.ಸಾ.ಅ. ತೆಗೆ, ಭಾಗಾಕಾರ ಬಂದರೆ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು. ತಲೆಕೆಳಗು ಏಕೆ ಮಾಡಬೇಕು ಎಂದು ನನ್ನ ಶಾಲೆಯ ದಿನಗಳಲ್ಲಿ ಯಾರೂ ಕೇಳಲಿಲ್ಲ, ಕೇಳಬಹುದು ಎಂಬುದೂ ನಮಗೆ ಗೊತ್ತಿರಲಿಲ್ಲ. ಮುಕ್ಕಾಲನ್ನು ಅರೆಕಾಲಿನಿಂದ ಭಾಗಿಸಿದರೆ ಉತ್ತರ ಆರು ಬರುತ್ತದೆ. ಭಾಗಿಸಿದಾಗ ಸಂಖ್ಯೆ ದೊಡ್ಡದಾಗುವುದನ್ನು ಕಂಡು ಇಂದಿನ ಮಗು ಬೆದರುತ್ತದೆ. ಮೂರು ಪಾವು ಅಕ್ಕಿಯನ್ನು ಅರೆಪಾವಿನಲ್ಲಿ ಅಳೆದರೆ ಆರು ಸಲ ಅಳೆಯಬೇಕೆಂಬುದರಲ್ಲಿ ಹಿಂದಿನ ಯಾವ ಮಗುವಿಗೂ ಆಶ್ಚರ್ಯವಿರಲಿಲ್ಲ. ಎರಡೂ ಒಂದೇ ಲೆಕ್ಕ.

ಈ ಕಂದಕ ತುಂಬುವ ಮೊದಲೇ ಇನ್ನೊಂದು ಅಲೆ ಬಂದಿತು. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಬಳಿಕ, ವಿಜ್ಞಾನದಲ್ಲಿ ಹಿಂದೆ ಬಿದ್ದೆವೆಂಬ ಆತಂಕದಿಂದ ಅಮೆರಿಕ ತನ್ನ ಶಾಲಾ ಗಣಿತವನ್ನು ಬುಡದಿಂದ ಬದಲಾಯಿಸಲು ಹೊರಟಿತು. ಲೆಕ್ಕ ಮಾಡುವ ಕೌಶಲಕ್ಕಿಂತ ಗಣಿತದ ಒಳರಚನೆಯನ್ನು ಮೊದಲು ತಿಳಿಸಬೇಕೆಂಬ ಆ ‘ನವ ಗಣಿತ’ದ ಪ್ರಭಾವ 1960 ಮತ್ತು 70ರ ದಶಕಗಳಲ್ಲಿ ಭಾರತದ ಪಠ್ಯಪುಸ್ತಕಗಳಿಗೂ ತಲುಪಿತು. ಅದೇ ಕಾಲಕ್ಕೆ, 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಹತ್ತನೆಯ ತರಗತಿಯವರೆಗೆ ಗಣಿತ ಮತ್ತು ವಿಜ್ಞಾನವನ್ನು ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಬೇಕೆಂದು ಶಿಫಾರಸು ಮಾಡಿತು. ಮೈಸೂರಿನ ಮಾನಸಗಂಗೋತ್ರಿಯ ಬಳಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ದಕ್ಷಿಣದ ರಾಜ್ಯಗಳಿಗೆ ಹೊಸ ಬಗೆಯ ಶಿಕ್ಷಕರನ್ನು ತಯಾರು ಮಾಡಲು ಹುಟ್ಟಿದ ಸಂಸ್ಥೆ. ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ನೀಡುವ ಅದರ ಕ್ರಮ, ವಿಷಯವನ್ನು ಬಲ್ಲವನಿಗೆ ಕಲಿಸುವ ಬಗೆಯೂ ತಿಳಿದಿರಬೇಕು ಎಂಬ ನಂಬಿಕೆಯ ಮೇಲೆ ನಿಂತಿತ್ತು.

ನಮ್ಮ ಪ್ರೌಢಶಾಲೆಯ ಪುಸ್ತಕಗಳಲ್ಲಿ ನವ ಗಣಿತದ ಗುರುತು ಎಂದರೆ ‘ಗಣಗಳು’ ಎಂಬ ಅಧ್ಯಾಯ. ಉಪಗಣ, ಶೂನ್ಯಗಣ, ಸಂಯೋಗ, ಛೇದನ, ವೆನ್ ನಕ್ಷೆಗಳು. ಕನ್ನಡದ ಅವಧಿಯಲ್ಲಿ ಛಂದಸ್ಸಿನ ಮಾತ್ರಾಗಣ, ಮುಂದಿನ ಅವಧಿಯಲ್ಲಿ ಗಣಿತದ ಗಣ ಎಂದು ಒಂದೇ ಪದವನ್ನು ಎರಡು ಅರ್ಥದಲ್ಲಿ ಕಲಿತ ತಲೆಮಾರು ನಮ್ಮದು. ಗಣಸಿದ್ಧಾಂತ ನಿಜಕ್ಕೂ ಸುಂದರವಾದ ವಿಷಯ; ಆದರೆ ಅದನ್ನು ಏಕೆ ಕಲಿಯಬೇಕೆಂಬುದನ್ನು ತಿಳಿಯಲು ಬೇಕಾದ ಮುಂದಿನ ಗಣಿತವನ್ನು ಹತ್ತನೆಯ ತರಗತಿಗೇ ಓದು ನಿಲ್ಲಿಸುವ ಬಹುಪಾಲು ಮಕ್ಕಳು ನೋಡುವುದೇ ಇಲ್ಲ. ಅವರಿಗೆ ಅದು ಸುಲಭವಾಗಿ ಅಂಕ ಬರುವ ಪಾಠವಾಯಿತು. ರೇಖಾಗಣಿತದ ಪ್ರಮೇಯಗಳ ಪಾಡೂ ಅಷ್ಟೇ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹಗಳ ಕೆಳಗೆ ಒಂದೊಂದು ಹೆಜ್ಜೆಗೂ ಕಾರಣ ಕೊಡುತ್ತ ಹೋಗುವುದು ತರ್ಕವನ್ನು ಕಲಿಸುವ ಅತ್ಯುತ್ತಮ ಸಾಧನ. ಆದರೆ ಯಾವ ಪ್ರಮೇಯಗಳು ಪರೀಕ್ಷೆಗೆ ಬರುತ್ತವೆ ಎಂಬುದು ಮೊದಲೇ ಗೊತ್ತಿದ್ದ ಕಾರಣ, ಮಕ್ಕಳು ಅವನ್ನು ಪದ್ಯದಂತೆ ಉರು ಹೊಡೆದರು. ಪುಸ್ತಕದಲ್ಲಿ ಎಬಿಸಿ ಎಂದಿದ್ದ ತ್ರಿಭುಜಕ್ಕೆ ಪಿಕ್ಯೂಆರ್ ಎಂದು ಹೆಸರಿಟ್ಟರೆ ನಿಂತುಬಿಡುವ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ.

ಬದಲಾವಣೆಯ ಮುಂದಿನ ಮುಖ್ಯ ಹೆಜ್ಜೆ ನಮ್ಮ ಜಿಲ್ಲೆಗಳಿಂದಲೇ ಹೊರಟಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು ‘ನಲಿ-ಕಲಿ’ಯನ್ನು ರೂಪಿಸಿದರು. ಕಾಡಂಚಿನ ಆ ತಾಲ್ಲೂಕಿನ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನೋಡಿಕೊಳ್ಳಬೇಕಿತ್ತು. ಸುಗ್ಗಿಗೋ ಜಾತ್ರೆಗೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಪಾಠ ಮುಂದೆ ಹೋಗಿಬಿಟ್ಟಿರುತ್ತಿತ್ತು. ಭಾಷೆಯಲ್ಲಿ ಹೇಗೋ ಸಾಗಬಹುದು, ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಸಿಗುವುದಿಲ್ಲ. ಅದಕ್ಕಾಗಿ ಅವರು ಪಠ್ಯವನ್ನು ಮೈಲುಗಲ್ಲುಗಳಾಗಿ ಒಡೆದು, ಪ್ರತಿಯೊಂದಕ್ಕೂ ಕಾರ್ಡುಗಳನ್ನು ಬರೆದು, ಗೋಡೆಯ ಮೇಲೆ ಕಲಿಕಾ ಏಣಿಯನ್ನು ತೂಗುಹಾಕಿದರು. ಮಗು ತಾನು ನಿಲ್ಲಿಸಿದ ಮೆಟ್ಟಿಲನ್ನು ಏಣಿಯಲ್ಲಿ ತಾನೇ ಗುರುತಿಸಿ, ಅಲ್ಲಿಯ ಕಾರ್ಡನ್ನು ತೆಗೆದುಕೊಂಡು, ತನ್ನ ‘ತಟ್ಟೆ’ಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ: ಶಿಕ್ಷಕರ ಪೂರ್ಣ ನೆರವು ಬೇಕಾದವರಿಗೆ ಒಂದು ಗುಂಪು, ಗೆಳೆಯರ ನೆರವಿನಿಂದ ಸಾಗುವವರಿಗೆ ಇನ್ನೊಂದು, ತಾವೇ ಮಾಡಬಲ್ಲವರಿಗೆ ಮತ್ತೊಂದು. ತಲೆಯ ಮೇಲೆ ಮಕ್ಕಳ ಕೆಲಸವನ್ನು ತೂಗುಹಾಕುವ ಕಲಿಕಾ ಚಪ್ಪರ, ಮಕ್ಕಳ ಕೈಗೆಟುಕುವಷ್ಟು ಕೆಳಗೆ ಗೋಡೆಯ ಕರಿಹಲಗೆ. 2009-10ರಲ್ಲಿ ಈ ಕ್ರಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಿತು.

ಇದು ಗಣಿತದ ಮಟ್ಟಿಗೆ ಏನನ್ನು ಬದಲಾಯಿಸಿತು ಎಂಬುದಕ್ಕೆ 52ರಲ್ಲಿ 27 ಕಳೆಯುವ ಒಂದು ಲೆಕ್ಕವನ್ನು ತೆಗೆದುಕೊಳ್ಳಬಹುದು. ನಾನು ಕಲಿತದ್ದು ಹೀಗೆ: ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಾ, ಹನ್ನೆರಡರಲ್ಲಿ ಏಳು ಹೋದರೆ ಐದು, ಉಳಿದ ನಾಲ್ಕರಲ್ಲಿ ಎರಡು ಹೋದರೆ ಎರಡು, ಉತ್ತರ ಇಪ್ಪತ್ತೈದು. ಸಾಲವಾಗಿ ತಂದದ್ದು ಒಂದಾದರೆ ಎರಡು ಹೇಗೆ ಹನ್ನೆರಡಾಯಿತು, ತಂದ ಸಾಲವನ್ನು ಯಾವಾಗ ತೀರಿಸುವುದು ಎಂಬ ಪ್ರಶ್ನೆಗಳಿಗೆ ಆ ಪಾಠದಲ್ಲಿ ಉತ್ತರವಿಲ್ಲ. ಸೂತ್ರ ಮರೆತ ಮಗು ದೊಡ್ಡದರಲ್ಲಿ ಚಿಕ್ಕದನ್ನು ಕಳೆದು, ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು ಎಂದು 35 ಬರೆಯುತ್ತದೆ. ಕಡ್ಡಿಗಳಿಂದ ಕಲಿತ ಮಗುವಿನ ಮುಂದೆ ಹತ್ತರ ಐದು ಕಟ್ಟುಗಳೂ ಎರಡು ಬಿಡಿ ಕಡ್ಡಿಗಳೂ ಇರುತ್ತವೆ. ಏಳು ಬಿಡಿ ಕೊಡಬೇಕಾದಾಗ ಅದು ಒಂದು ಕಟ್ಟಿನ ದಾರವನ್ನು ಬಿಚ್ಚುತ್ತದೆ. ಹತ್ತು ಕಡ್ಡಿ ಎರಡರ ಜೊತೆ ಸೇರಿ ಹನ್ನೆರಡಾಗುವುದನ್ನು ಕೈಯಲ್ಲೇ ಅನುಭವಿಸುತ್ತದೆ. ಅಲ್ಲಿ ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ, ಇದ್ದದ್ದನ್ನೇ ಬೇರೆ ರೂಪದಲ್ಲಿ ಇಟ್ಟುಕೊಂಡದ್ದಷ್ಟೇ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವವರ ಕ್ರಮ ಮೂರನೆಯದು: ಇಪ್ಪತ್ತೇಳಕ್ಕೆ ಮೂರು ಸೇರಿಸಿದರೆ ಮೂವತ್ತು, ಇಪ್ಪತ್ತು ಸೇರಿಸಿದರೆ ಐವತ್ತು, ಇನ್ನೆರಡು ಸೇರಿಸಿದರೆ ಐವತ್ತೆರಡು, ಸೇರಿಸಿದ್ದು ಒಟ್ಟು ಇಪ್ಪತ್ತೈದು. ಕಳೆಯುವ ಲೆಕ್ಕವನ್ನು ಕೂಡುತ್ತ ಮಾಡುವ ಈ ದಾರಿಯನ್ನು ನಮ್ಮ ಕಾಲದ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಕೆಂಪು ಗೀಟು ಬೀಳುತ್ತಿತ್ತು. ಇಂದು ಅದನ್ನು ತರಗತಿಯಲ್ಲಿ ಚರ್ಚಿಸಲು ಜಾಗವಿದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ದೃಷ್ಟಿಗೆ ದೇಶಮಟ್ಟದ ಅಂಗೀಕಾರ ನೀಡಿತು. ಗಣಿತದ ಬಗೆಗಿನ ಭಯ, ಪ್ರತಿಭಾವಂತರಿಗೂ ಹಿಂದುಳಿದವರಿಗೂ ನಿರಾಸೆ ತರುವ ಪಠ್ಯಕ್ರಮ, ಒರಟಾದ ಪರೀಕ್ಷಾ ಕ್ರಮ, ಶಿಕ್ಷಕರ ಸಾಕಾಗದ ಸಿದ್ಧತೆ ಎಂಬ ನಾಲ್ಕು ತೊಡಕುಗಳನ್ನು ಅದರ ಗಣಿತ ವಿಭಾಗದ ವರದಿ ಗುರುತಿಸಿ, ಮಗುವಿನ ಆಲೋಚನೆಯನ್ನೇ ಗಣಿತೀಯವಾಗಿಸುವುದು ಶಾಲಾ ಗಣಿತದ ಮುಖ್ಯ ಗುರಿ ಎಂದಿತು. ಕರ್ನಾಟಕದಲ್ಲಿ ಆ ಬಳಿಕ ಸ್ವಯಂಸೇವಾ ಸಂಸ್ಥೆಯಾದ ಅಕ್ಷರ ಫೌಂಡೇಶನ್ ಜೊತೆಗೂಡಿ ನಡೆದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿ, ಸ್ಥಾನಬೆಲೆಯ ಘನಗಳಿದ್ದ ಪೆಟ್ಟಿಗೆಯನ್ನು ತಂದಿತು. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬುದು ಅದರ ಕ್ರಮ. 2018-19ರಿಂದ ಹತ್ತನೆಯ ತರಗತಿಗೆ ಎನ್‌ಸಿಇಆರ್‌ಟಿ ಪಠ್ಯ ಬಂದು, ಅದುವರೆಗೆ ಇದ್ದ ಗಣಗಳು, ಕ್ರಮಯೋಜನೆ ಮತ್ತು ವಿಕಲ್ಪಗಳಂಥ ಅಧ್ಯಾಯಗಳು ಮೇಲಿನ ತರಗತಿಗೆ ಸರಿದವು.

ಹೊಸದೆಲ್ಲ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಪೆಟ್ಟಿಗೆಯೊಳಗಿನ ಒಂದು ಘನ ಕಳೆದರೆ ಲೆಕ್ಕ ಕೊಡಬೇಕಾದೀತೆಂದು ಅದನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟ ಶಾಲೆಗಳಿವೆ. ಮೂರನೆಯ ತರಗತಿಯವರೆಗೆ ಕಾರ್ಡು ಹಿಡಿದು ತನ್ನ ವೇಗದಲ್ಲಿ ಸಾಗಿದ ಮಗು ನಾಲ್ಕಕ್ಕೆ ಬಂದೊಡನೆ ಎಲ್ಲರೂ ಒಂದೇ ಪುಟ ತೆರೆಯುವ ತರಗತಿಯಲ್ಲಿ ಕೂರುತ್ತದೆ, ಮತ್ತು ಆ ಒಂದು ವರ್ಷದಲ್ಲಿ ಎಷ್ಟೋ ಮಕ್ಕಳ ಕೈ ತಪ್ಪಿಹೋಗುತ್ತದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಆದ ನಷ್ಟವನ್ನು ತುಂಬಲು 2022-23ರಲ್ಲಿ ‘ಕಲಿಕಾ ಚೇತರಿಕೆ’ಯನ್ನು ನಡೆಸಬೇಕಾಯಿತು. ಇವೆಲ್ಲಕ್ಕಿಂತ ಬಲವಾದದ್ದು ಎಸ್ಸೆಸ್ಸೆಲ್ಸಿಯ ಒತ್ತಡ. ಜನವರಿ ಬಂದೊಡನೆ ಪ್ರೌಢಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಆರಂಭವಾಗುತ್ತದೆ: ಖಚಿತವಾಗಿ ಬರುವ ಕೆಲವು ಪ್ರಶ್ನೆಗಳು, ಒಂದೆರಡು ನಕ್ಷೆಗಳು, ಒಂದೆರಡು ಪ್ರಮೇಯಗಳು. ಮಗು ಪಾಸಾಗಬೇಕೆಂಬ ಕಾಳಜಿ ಅದರ ಹಿಂದೆ ಇದೆ, ನಾನೂ ಅದನ್ನು ಮಾಡಿಸಿದ್ದೇನೆ. ಆದರೆ ಅದರ ಒಂದೊಂದು ಪುಟವೂ ಹಳೆಯ ಗಿಳಿಪಾಠವೇ.

ಮಗ್ಗಿ ಬೇಕೇ ಬೇಡವೇ ಎಂಬ ವಾದದಲ್ಲೂ ಪೋಷಕರು ನಮ್ಮನ್ನು ಎಳೆಯುತ್ತಾರೆ. ಮಗ್ಗಿ ಬೇಕು. ಏಳೆಂಟಲ ಐವತ್ತಾರು ಎಂಬುದು ನಾಲಿಗೆಯ ತುದಿಯಲ್ಲಿ ಇಲ್ಲದ ಮಗುವಿನ ಗಮನವೆಲ್ಲ ಆ ಗುಣಾಕಾರದಲ್ಲೇ ಸವೆದು, ಸಮಸ್ಯೆಯ ಕಡೆಗೆ ಹರಿಯುವುದಿಲ್ಲ. ಏಳು ಸಾಲು, ಸಾಲಿಗೆ ಎಂಟು ಕಬ್ಬಿನ ಗೂಟ ನೆಟ್ಟದ್ದನ್ನು ನೋಡಿದ ಮೇಲೆ ಅದನ್ನು ಬಾಯಿಪಾಠ ಮಾಡಿದರೆ, ಮರೆತಾಗ ಮತ್ತೆ ಕಟ್ಟಿಕೊಳ್ಳಲು ಒಂದು ಚಿತ್ರ ಉಳಿದಿರುತ್ತದೆ. ಇಲ್ಲಿ ಕ್ರಮ ಮುಖ್ಯ: ಮೊದಲು ಕಾಣಿಸಬೇಕು, ಆಮೇಲೆ ರೂಢಿಸಬೇಕು.

ಆ ಹುಡುಗಿಗೆ ನಾನು ಕೂಡಲೇ ಉತ್ತರ ಹೇಳಲಿಲ್ಲ. ಮರುದಿನ ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಸಾಲಿಗೆ ಎಂಟು ಮನೆ ಬರೆಸಿ, ಮನೆಗೊಂದು ಗುಂಟೆ ಎಂದು ಹೇಳಿ, ಹುಣಸೆಬೀಜ ಇಡಿಸಿದೆ. ಮೊದಲು ಇಪ್ಪತ್ತು, ಆಮೇಲೆ ಮೂವತ್ತು. ನಲವತ್ತು ಮನೆ ತುಂಬಿ ಅವಳ ಅಂಗೈಯಲ್ಲಿ ಹತ್ತು ಬೀಜ ಉಳಿದವು. ಅವಳು 3.50 ಅಳಿಸಿ 4-10 ಎಂದು ಬರೆದಳು. ಬರೆದ ಮೇಲೆ, ಹಾಗಾದರೆ ಪಹಣಿಯಲ್ಲಿ ರೂಪಾಯಿಯ ಹಾಗೆ ಚುಕ್ಕೆ ಏಕೆ ಇಡುತ್ತಾರೆ ಎಂದು ಕೇಳಿದಳು. ಚುಕ್ಕೆ ಎರಡು ಮನೆಗಳನ್ನು ಬೇರೆ ಮಾಡುತ್ತದೆಯೇ ಹೊರತು ಎಷ್ಟಕ್ಕೆ ಒಂದು ಮನೆ ತುಂಬುತ್ತದೆ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ, ಅದನ್ನು ನಾವು ತಿಳಿದಿರಬೇಕು ಎಂದು ವಿವರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕ್ರಿಕೆಟ್‌ನ ಓವರ್ ಲೆಕ್ಕವೂ ಹಾಗೆಯೇ ಎಂದ. ಒಬ್ಬ 3.4 ಓವರ್ ಎಸೆದು ಇನ್ನೊಬ್ಬ 2.5 ಓವರ್ ಎಸೆದರೆ ಒಟ್ಟು ಎಷ್ಟು ಎಂದು ಕೇಳಿದೆ. ನಾಲ್ಕೂ ಐದೂ ಒಂಬತ್ತು ಎಸೆತ, ಆರಕ್ಕೆ ಒಂದು ಓವರ್ ಹೋಗಿ ಮೂರು ಉಳಿಯಿತು, ಆರು ಓವರ್ ಮೂರು ಎಸೆತ ಎಂದು ಹುಡುಗರ ಸಾಲು ಸೀಮೆಸುಣ್ಣ ಮುಟ್ಟದೆ ಹೇಳಿತು. ಆ ಅವಧಿಯ ಉಳಿದ ಹೊತ್ತನ್ನು ನಾವು ಜಗಲಿಯ ಮೇಲೆಯೇ ಕಳೆದೆವು: ಆರಕ್ಕೆ ತುಂಬುವ ಮನೆ, ನಲವತ್ತಕ್ಕೆ ತುಂಬುವ ಮನೆ, ಅರವತ್ತಕ್ಕೆ ತುಂಬುವ ಗಂಟೆ ನಿಮಿಷಗಳ ಮನೆ, ಕೊನೆಗೆ ಹತ್ತಕ್ಕೆ ತುಂಬುವ ಪುಸ್ತಕದ ಮನೆ.